ಕಾರ್ತಾಹೇನಾ ತೋರಿಸುವ ಕೆಲಸ

ಹೋದ ತಿಂಗಳು ನಮ್ಮ ಮನೆಗೆ ಮೇಘನಾ ಎಂಬ ಹುಡುಗಿ ಬಂದಿದ್ದಳು. ಊರು ಹಾಸನ. ಇಲ್ಲೇ ಆಸ್ಟಿನ್‌ನಲ್ಲಿ ಪ್ರವಾಸೋದ್ಯಮ ಓದುತ್ತಿದ್ದಾಳೆ. ಓದು ಮುಗಿದ ಮೇಲೆ ಡೊಮೇನ್ ಎಂಬ ಅಂಗಡಿ ಬೀದಿಗಳ ಹತ್ತಿರ ಇರುವ ಯಾವುದೋ ಪ್ರವಾಸದ ಕಂಪನಿಗೆ ಸೇರುತ್ತಾಳಂತೆ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, "ಅಂಕಲ್, ಊರೂರು ಸುತ್ತೋದಕ್ಕೆ ನಿಮ್ಗೆ ಸಂಬಳ ಬೇರೆ ಕೊಡ್ತಿದ್ರಾ? ಸಖತ್ ಲಕ್ಕಿ ನೀವು" ಎಂದಳು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಮದುವೆ ಮನೆಯ ಅಡುಗೆಯವನನ್ನು ನೋಡಿ "ದಿನಾ ಹೋಳಿಗೆ ಊಟ, ಪುಣ್ಯವಂತ" ಎನ್ನುವ ಹಾಗಿತ್ತು ಅವಳ ಮಾತು. ಅವತ್ತು ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ಮಾಡಿದ ಕೆಲಸಕ್ಕೆ ಟೂರ್ ಎಸ್ಕಾರ್ಟ್ ಎನ್ನುತ್ತಿದ್ದರು. ಹ್ಯೂಸ್ಟನ್‌ನ ಒಂದು ಸಣ್ಣ ಟ್ರಾವೆಲ್ ಏಜೆನ್ಸಿ ನಮ್ಮದು. ಟೆಕ್ಸಸ್‌ನ ನಿವೃತ್ತರು, ವಿಧವೆಯರು, ದನಗಳನ್ನು ಮಾರಿ ಇನ್ನು ಮುಂದೇನು ಎಂದು ಕೂತವರು, ಇಂಥವರನ್ನು ಗುಂಪು ಕಟ್ಟಿ ಹೊರದೇಶಕ್ಕೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ವಾಪಸು ತಂದುಬಿಡುವುದು ಎಸ್ಕಾರ್ಟ್‌ನ ಕೆಲಸ. ನನ್ನ ಪಾಲಿಗೆ ಬಂದದ್ದು ಕಾರ್ತಾಹೇನಾ. ಕೊಲಂಬಿಯಾ ದೇಶದಲ್ಲಿ, ಕೆರಿಬಿಯನ್ ಸಮುದ್ರದ ದಂಡೆಯ ಮೇಲಿರುವ ಹಳೆಯ ಕೋಟೆಯೂರು. ಎಪ್ಪತ್ತರ ದಶಕದಲ್ಲಿ ಆ ಊರಿಗೆ ಎಷ್ಟು ಸಲ ಹೋಗಿಬಂದೆನೋ ಲೆಕ್ಕವಿಟ್ಟಿಲ್ಲ. ನನ್ನ ಹೆಂಡತಿ ವಿಮಲ ಅಮೆರಿಕದಲ್ಲಿ ನನ್ನ ಜೊತೆ ಇರುತ್ತಾಳೋ ಮೈಸೂರಿಗೆ ವಾಪಸು ಹೋಗುತ್ತಾಳೋ ಎಂಬುದು ತೀರ್ಮಾನವಾದದ್ದೂ ಆ ಊರಿನಲ್ಲೇ. ಕೆಲಸದ ಕಥೆಯಲ್ಲಿ ಹೆಂಡತಿ ಯಾಕೆ ಬಂದಳು ಎಂದು ಕೇಳಬೇಡಿ. ಈ ಕೆಲಸದಲ್ಲಿ ಬಂದೇ ಬರುತ್ತಾಳೆ.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಕೋಟೆ ನೋಡಲು ಬಂದವರಿಗೆ ದಾರಿ ತೋರಿಸುತ್ತಾ ಬೆಳೆದವನು. ಅರವತ್ತರ ದಶಕದ ನಡುವಿನಲ್ಲಿ ಭೂಗೋಳ ಓದಲು ಆಸ್ಟಿನ್‌ಗೆ ಬಂದೆ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಒಂದು ಮೆಕ್ಸಿಕನ್ ಕುಟುಂಬದ ಮನೆಯಲ್ಲಿ. ಆ ಮನೆಯ ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಹಸಿವು ತಡೆಯದು. ಹಾಗಾಗಿ ಸ್ಪ್ಯಾನಿಷ್ ಬೇಗ ಬಂತು. ಓದು ಮುಗಿದ ಮೇಲೆ ಭೂಗೋಳದವನನ್ನು ಯಾರೂ ಕರೆದು ಕೆಲಸ ಕೊಡಲಿಲ್ಲ. ಡಾಲಸ್‌ನ ಒಂದು ಅಂಗಡಿಯಲ್ಲಿ ವಿಮಾನದ ಟಿಕೆಟ್ ಬರೆಯುವ ಗುಮಾಸ್ತನಾದೆ. ಕೆಂಪು ಕಾರ್ಬನ್ ಇರುವ ಟಿಕೆಟ್ ಅದು, ಒತ್ತಿ ಒತ್ತಿ ಬರೆಯಬೇಕು, ಸಂಜೆಗೆ ಬೆರಳೆಲ್ಲ ಕೆಂಪು. ಅಲ್ಲಿಂದ ಹ್ಯೂಸ್ಟನ್‌ಗೆ ಬಂದದ್ದು ಮಿಸೆಸ್ ಕಾಲ್ಡ್‌ವೆಲ್ ಎಂಬ ಹೆಂಗಸಿನ ಕಣ್ಣಿಗೆ ಬಿದ್ದು. ಸ್ಪ್ಯಾನಿಷ್ ಬರುತ್ತದೆ, ಸಂಬಳ ಕಡಿಮೆ ಕೇಳುತ್ತಾನೆ, ದನಿ ಎತ್ತಿ ಮಾತಾಡುವುದಿಲ್ಲ. ಆಕೆಗೆ ಇಷ್ಟು ಸಾಕಾಗಿತ್ತು.

ಮಿಸೆಸ್ ಕಾಲ್ಡ್‌ವೆಲ್ ನನ್ನ ಮಾಲೀಕಳು, ಗುರು, ಕೆಲವು ಸಲ ನನ್ನ ಶನಿ. ಮೊದಲು ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಎತ್ತರದ ಆಳು, ಬೆಳ್ಳಿ ಕೂದಲು. ಆಫೀಸಿಗೆ ಬಂದವರನ್ನು ತಪ್ಪು ಮಾಡಿದ ಹುಡುಗರನ್ನು ನೋಡುವ ಹಾಗೆ ನೋಡುತ್ತಿದ್ದಳು. ನನ್ನ ಮೊದಲ ಪ್ರವಾಸಕ್ಕೆ ಮುಂಚೆ ಕರೆದು ಕೂರಿಸಿಕೊಂಡು, "ಊರಿನ ಚರಿತ್ರೆ ಯಾರಿಗೂ ನೆನಪಿರುವುದಿಲ್ಲ. ಶೌಚಾಲಯ ಎಲ್ಲಿದೆ ಅಂತ ನೀನು ಸರಿಯಾಗಿ ಹೇಳಿದ್ದು ಮಾತ್ರ ನೆನಪಿರುತ್ತದೆ" ಎಂದಳು. ನಾನು ಲೈಬ್ರರಿಯಲ್ಲಿ ಕೂತು ಸ್ಪೇನಿನ ರಾಜರು, ಕಡಲುಗಳ್ಳರು, ಕೋಟೆಯ ಸುರಂಗಗಳು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಆ ಮಾತು ಕೇಳಿ ಬೇಸರವಾಯಿತು. ಆದರೆ ಆಕೆ ಹೇಳಿದ್ದೇ ನಿಜ.

ಮೊದಲ ಪ್ರವಾಸದ ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾರ್ತಾಹೇನಾದ ಹೊರಗೆ ಒಂದು ಗುಡ್ಡ ಇದೆ, ಲಾ ಪೋಪಾ ಎಂದು ಹೆಸರು. ಮೇಲೆ ಹಳೆಯ ಮಠ, ಒಳಗೆ ಮಾತೆ ಮೇರಿಯ ಚಿನ್ನದ ಮಂಟಪ. ಬಸ್ ಗುಡ್ಡ ಹತ್ತಿ ನಿಂತಿತು. ಗುಂಪಿನ ಮುಂದೆ ನಾನು, ಪಕ್ಕದಲ್ಲಿ ಊರಿನ ಗೈಡ್ ಅನ್ಸೆಲ್ಮೊ. ಬಾಗಿಲ ಹತ್ತಿರ ಬಂದದ್ದೇ ನನ್ನ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ದೇವರಿರುವ ಜಾಗ, ಮೆಟ್ಟಲು, ಬಾಗಿಲು. ಶ್ರೀರಂಗಪಟ್ಟಣದವನ ಕಾಲಿಗೆ ಬೇರೆ ಏನು ಗೊತ್ತು? ಯೋಚನೆ ಮಾಡಿ ಮಾಡಿದ್ದಲ್ಲ ಅದು. ಒಳಗೆ ಹೋಗಿ ತಿರುಗಿ ನೋಡಿದರೆ ಹಿಂದೆ ಒಬ್ಬರೂ ಇಲ್ಲ. ಹೊರಗೆ ಬಂದು ನೋಡುತ್ತೇನೆ, ಇಡೀ ಗುಂಪು ಮೆಟ್ಟಲ ಮೇಲೆ ಕೂತು ಶೂ ಬಿಚ್ಚುತ್ತಿದೆ! ಲೀಡರ್ ಬಿಚ್ಚಿದ್ದಾನೆ ಎಂದ ಮೇಲೆ ಅದೇ ಇಲ್ಲಿಯ ನಿಯಮ ಇರಬೇಕು ಎಂದು ಅವರು ತಿಳಿದರು. ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕಾಲುಚೀಲ ಎಳೆಯುತ್ತಿದ್ದಾರೆ. ಹಾಬ್ಸ್ ಎಂಬ ದನ ಸಾಕುವ ಮುದುಕನ ಕೌಬಾಯ್ ಬೂಟು ಮಾತ್ರ ಯಾರು ಎಳೆದರೂ ಬರಲೊಲ್ಲದು. ಕೊನೆಗೆ ಅನ್ಸೆಲ್ಮೊ ಒಂದು ಕಾಲು ಹಿಡಿದು, ಬಸ್ ಡ್ರೈವರ್ ಹಿಂದಿನಿಂದ ಹಾಬ್ಸ್‌ನನ್ನೇ ಹಿಡಿದು ಎಳೆದರು.

ಮಠದ ಅಂಗಳ ಕಲ್ಲು ಹಾಸಿದ್ದು. ಕೆರಿಬಿಯನ್ ಬಿಸಿಲು. ಕಾಲಿಟ್ಟವರೆಲ್ಲ ಕುಣಿಯತೊಡಗಿದರು. ಒಳಗಿನಿಂದ ಬಂದ ಮುದಿ ಪಾದ್ರಿ ಅದನ್ನು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಇಷ್ಟು ಭಕ್ತಿ ನಾನು ನಮ್ಮ ಜನದಲ್ಲೇ ನೋಡಿಲ್ಲ. ಇವರು ಯಾವ ಊರಿನವರು?" ಎಂದು ನನ್ನನ್ನು ಕೇಳಿದರು.

"ಟೆಕ್ಸಸ್" ಎಂದೆ. ಬೇರೆ ಏನು ಹೇಳಲಿ?

ಅನ್ಸೆಲ್ಮೊ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಸೆನ್ಯೋರ್, ನಮ್ಮ ಊರಿನಲ್ಲಿ ಹೀಗೆ ಯಾರೂ ಮಾಡುವುದಿಲ್ಲ, ಮುಂದಿನ ಸಲವೂ ಮಾಡುತ್ತೀರಾ?" ಎಂದು ಕೇಳಿದ. ಇನ್ನು ಕೆಲಸ ಹೋಯಿತು ಎಂದುಕೊಂಡೇ ಹ್ಯೂಸ್ಟನ್‌ಗೆ ಬಂದೆ. ಆದರೆ ಗುಂಪಿನವರು ಆಫೀಸಿಗೆ ಬಂದು, ಇಡೀ ಪ್ರವಾಸದಲ್ಲಿ ಅದೇ ಬಹಳ ಚೆನ್ನಾಗಿತ್ತು ಎಂದರಂತೆ. ಮಿಸೆಸ್ ಕಾಲ್ಡ್‌ವೆಲ್ ಮುಂದಿನ ಕರಪತ್ರದಲ್ಲಿ "ಮಠಕ್ಕೆ ಬರಿಗಾಲಿನ ಭೇಟಿ" ಎಂದೇ ಅಚ್ಚು ಹಾಕಿಸಿದಳು. ಬಿಸಿಲೇರುವ ಮುಂಚೆ ಹೋಗಬೇಕು ಎಂದು ಮಾತ್ರ ನನಗೆ ತಾಕೀತು ಮಾಡಿದಳು. ನಮ್ಮೂರಿನ ಒಂದು ಅಭ್ಯಾಸ ಹೀಗೆ ಕೊಲಂಬಿಯಾದಲ್ಲಿ ಹಲವು ವರ್ಷ ನಡೆಯಿತು.

ಇನ್ನೊಂದು ಅಭ್ಯಾಸವೂ ಹೀಗೇ ಕೆಲಸಕ್ಕೆ ಬಂತು. ಬೆಳಿಗ್ಗೆ ಯಾರು ಎದುರಿಗೆ ಸಿಕ್ಕರೂ "ತಿಂಡಿ ಆಯ್ತಾ?" ಎಂದು ಕೇಳುವುದು. ನಮಗೆ ಅದು ಬಾಯಿಮಾತು. ಆದರೆ ಆ ಮುದುಕರು ನಿಂತು ಉತ್ತರ ಕೊಡುತ್ತಿದ್ದರು. ಮೊಟ್ಟೆ ಎಷ್ಟು ಬೆಂದಿತ್ತು, ಕಾಫಿ ಹೇಗಿತ್ತು, ಮನೆಯಲ್ಲಿ ಒಬ್ಬರೇ ಇರುವುದರಿಂದ ತಿಂಡಿ ಮಾಡಿಕೊಳ್ಳುವುದನ್ನೇ ಬಿಟ್ಟದ್ದು ಯಾವಾಗಿನಿಂದ, ಎಲ್ಲ ಹೇಳುತ್ತಿದ್ದರು. ಮೇಘನಾಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು. ಜನ ಕೋಟೆ ನೋಡಲು ದುಡ್ಡು ಕೊಡುವುದಿಲ್ಲ. ತಿಂಡಿ ಆಯಿತೇ ಎಂದು ಕೇಳಲು ಒಬ್ಬರು ಇರಲಿ ಎಂದು ಕೊಡುತ್ತಾರೆ. ಎಸ್ಕಾರ್ಟ್‌ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಲಿ ಎಂದು ಆಸೆಪಡುವುದು ತಪ್ಪೂ ಅಲ್ಲ, ಆದರೆ ಕಾಯುತ್ತಾ ಕೂರಬೇಡಿ.

ಆಗಿನ ಕೆಲಸದ ರೀತಿ ಈಗಿನವರಿಗೆ ಹೇಳಿದರೆ ನಗುತ್ತಾರೆ. ಹೋಟೆಲಿಗೆ ಟೆಲೆಕ್ಸ್ ಯಂತ್ರದಲ್ಲಿ ಸಂದೇಶ ಕಳಿಸಿ ಉತ್ತರಕ್ಕೆ ಕಾಯಬೇಕು. ಒಂದು ಸಲ ಉತ್ತರವೇನೋ ಬಂದಿತ್ತು, ನಾವು ಹೋಗಿ ನಿಂತಾಗ ರೂಮು ಇರಲಿಲ್ಲ. ಊರಿನಲ್ಲಿ ಸುಂದರಿಯರ ಸ್ಪರ್ಧೆ, ದೇಶದ ಮೂಲೆಮೂಲೆಯಿಂದ ಜನ. ಮ್ಯಾನೇಜರ್ ಎರಡೂ ಕೈ ಮೇಲೆತ್ತಿದ. ಅನ್ಸೆಲ್ಮೊ ತನ್ನ ಚಿಕ್ಕಮ್ಮ ಸನ್ಯಾಸಿನಿಯಾಗಿದ್ದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ನಮ್ಮನ್ನು ಕರೆದೊಯ್ದ. ರಜೆ ಇತ್ತು, ಹಾಸ್ಟೆಲ್ ಖಾಲಿ. ಉದ್ದ ಹಜಾರ, ಸಾಲು ಕಬ್ಬಿಣದ ಮಂಚ. ಬ್ಯಾಂಕ್ ಅಧಿಕಾರಿಗಳ ವಿಧವೆಯರು, ಎಣ್ಣೆ ಬಾವಿ ಮಾಲೀಕರ ಹೆಂಡಂದಿರು ಅಲ್ಲಿ ಮಲಗಬೇಕು. ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಆ ಹೆಂಗಸರು ಹುಡುಗಿಯರ ಹಾಗೆ ಒಂದು ಮಂಚದಿಂದ ಇನ್ನೊಂದಕ್ಕೆ ಕೂಗಿಕೊಂಡು ಮಾತಾಡಿದರು. ಮರುದಿನ ಹೋಟೆಲಿನಲ್ಲಿ ರೂಮು ಸಿಕ್ಕಿತು ಎಂದರೆ, "ಇಲ್ಲೇ ಇರೋಣ, ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮು" ಎಂದು ಹಟ ಹಿಡಿದರು. ಪ್ರತ್ಯೇಕ ರೂಮು ಬೇಕೆಂದು ಹೆಚ್ಚು ದುಡ್ಡು ಕಟ್ಟಿದ್ದವರೇ ಅವರು.

ಹಾಬ್ಸ್ ಮರುವರ್ಷ ಮತ್ತೆ ಬಂದ. ಅವನ ಊರು ಡಾಲಸ್ ಹತ್ತಿರದ ಲೂಯಿಸ್‌ವಿಲ್. ಈಗ ಅಲ್ಲಿ ನಮ್ಮ ಐಟಿ ಹುಡುಗರ ಅಪಾರ್ಟ್‌ಮೆಂಟುಗಳು, ಆಗ ದನ ಮೇಯುವ ಬಯಲು. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಕಾರ್ತಾಹೇನಾದಿಂದ ಒಂದು ಗಂಟೆ ದಾರಿಯಲ್ಲಿ ತೋತೂಮೋ ಎಂಬ ಕೆಸರಿನ ದಿಬ್ಬವಿದೆ. ಹುತ್ತದ ಆಕಾರ, ಮರದ ಏಣಿ ಹತ್ತಬೇಕು, ನೆತ್ತಿಯ ಮೇಲೆ ಬೆಚ್ಚಗಿನ ಬೂದುಬಣ್ಣದ ಕೆಸರಿನ ಹೊಂಡ. ಒಳಗೆ ಇಳಿದವರು ಮುಳುಗುವುದಿಲ್ಲ, ತೇಲುತ್ತಾರೆ. ಮೇಲೆ ಬಂದ ಮೇಲೆ ಪಕ್ಕದ ಕೆರೆಯಲ್ಲಿ ಊರಿನ ಹೆಂಗಸರು ಸೋರೆ ಬುರುಡೆಯಂಥ ಬಟ್ಟಲಿನಲ್ಲಿ ನೀರು ಮೊಗೆದು ಕೆಸರು ತೊಳೆಯುತ್ತಾರೆ. ಮಗುವಿಗೆ ಮಾಡುವ ಹಾಗೆ ಕಿವಿ ಉಜ್ಜಿ, ಕತ್ತು ಬಗ್ಗಿಸಿ, ಬೆನ್ನು ತಿಕ್ಕಿ. ನಮ್ಮ ಕಡೆ ಎಣ್ಣೆನೀರು ಹಾಕುವ ಅಜ್ಜಿಯರ ಕೈ ಅದು.

ಹಾಬ್ಸ್ ನೀರಿನಲ್ಲಿ ಕೂತಿದ್ದ. ಒಬ್ಬ ಹೆಂಗಸು ಅವನ ತಲೆಗೆ ನೀರು ಹೊಯ್ಯುತ್ತಿದ್ದಳು. ನಾನು ಟವೆಲ್ ಹಿಡಿದು ದಡದಲ್ಲಿ ನಿಂತಿದ್ದೆ. ಅವನು ಏಳಲೇ ಇಲ್ಲ. "ಮಿಸ್ಟರ್ ಹಾಬ್ಸ್, ಬಸ್ ಹೊರಡುತ್ತದೆ" ಎಂದೆ. ಅವನು ಮುಖ ಮುಚ್ಚಿಕೊಂಡಿದ್ದ ಕೈ ತೆಗೆಯದೆ, "ನನ್ನ ಅಮ್ಮ ಹೋದ ಮೇಲೆ ನನ್ನ ತಲೆಗೆ ಇನ್ನೊಬ್ಬರು ನೀರು ಹಾಕಿದ್ದು ಇದೇ ಮೊದಲು" ಎಂದ. ಆ ಹೆಂಗಸಿಗೆ ಇಂಗ್ಲಿಷ್ ಬಾರದು. ಆದರೂ ಇನ್ನೆರಡು ಬಟ್ಟಲು ನೀರು ಹಾಕಿದಳು. ಬಸ್ಸು ಕಾಯಿತು. ನನಗೂ ಆ ನೀರಿನಲ್ಲಿ ಹೋಗಿ ಕೂರಬೇಕು ಎನಿಸಿತು. ಎಸ್ಕಾರ್ಟ್ ಬಟ್ಟೆ ಬಿಚ್ಚುವ ಹಾಗಿಲ್ಲ. ಟವೆಲ್ ಕೊಟ್ಟು ಅವನ ಬೂಟು ಎತ್ತಿಕೊಂಡು ನಡೆದೆ.

ಈಗ ವಿಮಲಳ ವಿಷಯ. ನಮ್ಮ ಮದುವೆ ಆದದ್ದು ನಾನು ಡಾಲಸ್‌ನಿಂದ ರಜೆಯ ಮೇಲೆ ಹೋದಾಗ. ಅವಳು ಮೈಸೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವಳನ್ನು ಟೀಚರಮ್ಮ ಎಂದರೆ ಸಿಟ್ಟು ಬರುತ್ತಿತ್ತು, ಮೇಷ್ಟ್ರು ಎಂದೇ ಹೇಳಬೇಕು. ವೀಸಾ ಬರಲು ಬಹಳ ತಡವಾಯಿತು. ಬಂದಾಗ ಅವಳು ಕೆಲಸಕ್ಕೆ ರಾಜೀನಾಮೆ ಕೊಡಲಿಲ್ಲ, ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ಬಂದಳು. ಹ್ಯೂಸ್ಟನ್ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿದಳು.

"ನೋಡಿ, ನಾನು ಮುಚ್ಚಿಡೋಳಲ್ಲ. ಒಂದು ವರ್ಷ ಇದ್ದು ನೋಡ್ತೀನಿ. ಹಿಡಿಸಿದ್ರೆ ಇಲ್ಲಿಂದಾನೇ ರಾಜೀನಾಮೆ ಬರೆದು ಹಾಕ್ತೀನಿ. ಇಲ್ದಿದ್ರೆ ಜೂನ್‌ನಲ್ಲಿ ಸ್ಕೂಲು ಶುರುವಾಗೋ ಹೊತ್ಗೆ ಮೈಸೂರಲ್ಲಿರ್ತೀನಿ."

"ಹಿಡಿಸ್ದೆ ಏನು? ಎಲ್ರೂ ಇಲ್ಲಿಗೆ ಬರೋಕೆ ಸಾಯ್ತಾರೆ" ಎಂದೆ.

"ಎಲ್ರೂ ಬೇರೆ, ನಾನು ಬೇರೆ" ಎಂದಳು.

ನನಗೆ ಅವಳು ಉಳಿಯಬೇಕಿತ್ತು. ಅಷ್ಟು ವರ್ಷ ಒಬ್ಬನೇ ಅಡುಗೆ ಮಾಡಿ, ಒಬ್ಬನೇ ಉಂಡು, ಒಬ್ಬನೇ ತಟ್ಟೆ ತೊಳೆದು ಸಾಕಾಗಿ ಹೋಗಿತ್ತು. ಆದರೆ ಬಂದವಳನ್ನು ಮನೆಯಲ್ಲಿ ಬಿಟ್ಟು ನಾನು ಪ್ರವಾಸ ಹೊರಡುತ್ತಿದ್ದೆ, ಅದೇ ನನ್ನ ಕಸುಬು. ಈಗ ಹಿಲ್‌ಕ್ರಾಫ್ಟ್ ರಸ್ತೆಗೆ ಹೋದರೆ ಸೀರೆ ಅಂಗಡಿ ಏನು, ಮಸಾಲೆ ದೋಸೆ ಏನು, ನಮ್ಮವರೇ ಭುಜಕ್ಕೆ ಭುಜ ತಾಗಿಸಿ ಓಡಾಡುತ್ತಾರೆ. ಆಗ ಇಡೀ ಹ್ಯೂಸ್ಟನ್‌ನಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆ ಒಂದೋ ಎರಡೋ, ಅವೂ ಊರಿನ ಆಚೆ ತುದಿಯಲ್ಲಿ. ಹಬ್ಬ ಬಂದರೆ ಡಾಲಸ್‌ನಲ್ಲಿದ್ದ ಒಬ್ಬ ಕನ್ನಡದ ಡಾಕ್ಟರ ಮನೆಗೆ ಅರ್ಧ ದಿನ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಮೆಕ್ಸಿಕನ್ ಅಂಗಡಿಯಲ್ಲಿ ಸಿಗುತ್ತಿತ್ತು. ಕರಿಬೇವಿನ ವಾಸನೆ ಮರೆತೇ ಹೋಗಿತ್ತು.

ವಿಮಲ ಮೊದಲ ವಾರ ಸೀರೆ ಉಟ್ಟು ಚೀಲ ಹಿಡಿದು ಅಂಗಡಿಗೆ ನಡೆದು ಹೊರಟಳು. ರಸ್ತೆಯಲ್ಲಿ ಮೂರು ಕಾರು ನಿಂತವು. ಎಲ್ಲರದ್ದೂ ಒಂದೇ ಪ್ರಶ್ನೆ, ನಿಮ್ಮ ಕಾರು ಕೆಟ್ಟಿದೆಯೇ? ಒಳ್ಳೆಯ ಜನ, ಸಹಾಯ ಮಾಡಲೆಂದೇ ಕೇಳಿದ್ದು. ಆದರೆ ನಡೆದುಕೊಂಡು ಹೋಗುವುದೇ ಒಂದು ಅಪಘಾತ ಎನ್ನುವ ಹಾಗಾಯಿತು. ಆಮೇಲೆ ಅವಳು ನಡೆಯುವುದನ್ನು ಬಿಟ್ಟಳು. ಒಂದು ಪ್ರವಾಸ ಮುಗಿಸಿ ಬಂದಾಗ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಅವಳು ಫೋನ್ ಹಿಡಿದು ನಿಂತಿದ್ದು ಕಾಣಿಸಿತು. ಆ ಕಾಲದಲ್ಲಿ ಒಂದು ನಂಬರಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿಯೊಂದು ಗಂಟೆ ಎಷ್ಟು, ಹೊರಗೆ ಸೆಕೆ ಎಷ್ಟು ಎಂದು ಹೇಳುತ್ತಿತ್ತು.

"ಗಡಿಯಾರ ನಿಂತಿದೆಯಾ?" ಎಂದೆ.

"ಇಲ್ಲ. ಯಾರಾದ್ರೂ ಮಾತಾಡ್ಲಿ ಅಂತ" ಎಂದಳು.

ಅವತ್ತು ಊಟಕ್ಕೆ ಕೂತಲ್ಲೇ, ಇವಳನ್ನು ಹೇಗಾದರೂ ಕಾರ್ತಾಹೇನಾಗೆ ಕರೆದುಕೊಂಡು ಹೋಗಬೇಕು ಎಂದು ತೀರ್ಮಾನಿಸಿದೆ. ಅಲ್ಲಿ ಬಾಳೆಕಾಯಿ ಇದೆ, ತೆಂಗಿನಕಾಯಿ ಹಾಕಿದ ಅನ್ನ ಇದೆ, ಸೆಕೆ ಇದೆ, ಗಲಾಟೆ ಇದೆ. ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿಬಂದರೆ ಹ್ಯೂಸ್ಟನ್ ಸಹ್ಯವಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮಿಸೆಸ್ ಕಾಲ್ಡ್‌ವೆಲ್‌ಗೆ ಹೇಳಿದೆ. ಆಕೆ ಕನ್ನಡಕದ ಮೇಲಿಂದ ನೋಡಿ, "ಸೀಟು ಖಾಲಿ ಇದ್ದರೆ ಬರಲಿ. ಆದರೆ ನೀನು ಅಲ್ಲಿ ಗಂಡನಲ್ಲ, ಎಸ್ಕಾರ್ಟ್" ಎಂದಳು. ಫೆಬ್ರವರಿಯ ಗುಂಪಿನಲ್ಲಿ ಒಂದು ಸೀಟು ಖಾಲಿ ಇತ್ತು.

ಮಯಾಮಿಯಲ್ಲಿ ವಿಮಾನ ಬದಲಿಸಿ ಕಾರ್ತಾಹೇನಾದಲ್ಲಿ ಇಳಿದೆವು. ಮೆಟ್ಟಲು ಇಳಿಯುವಾಗ ಬಿಸಿ ಗಾಳಿ ಬಡಿಯಿತು. ವಿಮಲ ಅಲ್ಲೇ ನಿಂತು ಮೂಗರಳಿಸಿ ಉಸಿರೆಳೆದಳು. ಹಿಂದಿನವರು ಕಾಯುತ್ತಿದ್ದರು. ನಾನು ಮುಂದೆ ಹೋಗಿ ಸೂಟ್‌ಕೇಸು ಎಣಿಸುವುದರಲ್ಲಿ ಮುಳುಗಿದೆ.

ಮೂರು ದಿನ ಅವಳು ನನ್ನ ಗುಂಪಿನಲ್ಲಿ ಒಬ್ಬಳಾಗಿ ತಿರುಗಿದಳು. ಕೋಟೆಯ ಸುರಂಗದಲ್ಲಿ ನಾನು ಮಾತಾಡುವಾಗ ಹಿಂದೆ ನಿಂತು ಕೇಳಿದಳು. ಲಾ ಪೋಪಾದಲ್ಲಿ ಟೆಕ್ಸಸ್‌ನವರು ಸಾಲಾಗಿ ಶೂ ಬಿಟ್ಟು ಒಳಗೆ ಹೋಗುವುದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹ್ಯೂಸ್ಟನ್‌ಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಡಗುಕಟ್ಟೆಯ ಪಕ್ಕದ ಸಂತೆಯಲ್ಲಿ ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಒಬ್ಬ ಹೆಂಗಸನ್ನು ತಡೆದು, ಬಾಳೆಕಾಯಿಗೆ ಉಗುರು ಒತ್ತಿ ನೋಡಿ, "ಇದೇನ್ರೀ ಇಷ್ಟು ಬಲಿತಿದೆ, ಎಳೇದು ಕೊಡಿ" ಎಂದು ಕನ್ನಡದಲ್ಲೇ ಗದರಿದಳು. ಆ ಹೆಂಗಸು ತನ್ನ ಭಾಷೆಯಲ್ಲಿ ಇನ್ನೂ ಜೋರಾಗಿ ಗದರಿದಳು. ಇಬ್ಬರಿಗೂ ಬಹಳ ಖುಷಿಯಾಯಿತು. ಹೋಟೆಲಿನಲ್ಲಿ ಇರುವವಳಿಗೆ ಬಾಳೆಕಾಯಿ ಯಾಕೆ ಎಂದು ನಾನು ಕೇಳಲಿಲ್ಲ.

ಸಂಜೆ ಆ ಊರಿನ ಹಳೇ ಬೀದಿಗಳಲ್ಲಿ ಜನ ತೂಗುವ ಕುರ್ಚಿಗಳನ್ನು ಬಾಗಿಲಾಚೆಗೆ ಎಳೆದು ಹಾಕಿಕೊಂಡು ಕೂರುತ್ತಾರೆ. ಹೋಗುವವರನ್ನು ಬರುವವರನ್ನು ಮಾತಾಡಿಸುತ್ತಾರೆ. ನಾನು ಗುಂಪನ್ನು ಕುದುರೆ ಗಾಡಿ ಹತ್ತಿಸಿ ಸುತ್ತಿಸಿಕೊಂಡು ಬರುವಷ್ಟರಲ್ಲಿ ವಿಮಲ ಕಾಣಲಿಲ್ಲ. ಗಾಬರಿಯಾಗಿ ಬೀದಿ ಬೀದಿ ಹುಡುಕಿದೆ. ಒಂದು ಮನೆಯ ಮೆಟ್ಟಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ದಪ್ಪನೆಯ ಒಬ್ಬ ಮುದುಕಿ, ಇಬ್ಬರ ನಡುವೆ ಒಂದು ಮೊರದಷ್ಟು ಅಗಲದ ತಟ್ಟೆ. ಇಬ್ಬರೂ ಕಾಯಿ ಸುಲಿಯುತ್ತಿದ್ದರು.

"ರೀ, ಇಲ್ಲಿ ನೋಡಿ, ತೊಗರಿಕಾಯಿ!" ಎಂದು ಕೂಗಿದಳು. ನಿಜಕ್ಕೂ ತೊಗರಿಕಾಯಿಯೇ. ನಮ್ಮ ಕಡೆ ಚಳಿಗಾಲದಲ್ಲಿ ಬರುವಂಥದ್ದೇ, ಹಸಿರು ಸಿಪ್ಪೆಯ ಮೇಲೆ ಕಂದು ಗೀರು. ಅಷ್ಟು ಸಲ ಆ ಊರಿಗೆ ಹೋದವನು ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಮುದುಕಿ ನನ್ನನ್ನು ನೋಡಿ ಸ್ಪ್ಯಾನಿಷ್‌ನಲ್ಲಿ, "ಇವಳ ಕೈ ನನ್ನ ಕೈಗಿಂತ ಚುರುಕು. ಯಾರ ಮನೆಯವಳು?" ಎಂದು ಕೇಳಿದಳು. ನನ್ನ ಮನೆಯವಳು ಎಂದೆ. ಹೇಳುವಾಗ ಎದೆಯುಬ್ಬಿತು. ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ, ನಾನು ಗೆದ್ದೆ ಎಂದುಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆ ಆಗ ನೆನಪಾಗಲಿಲ್ಲ.

ಕೊನೆಯ ದಿನ ಮಧ್ಯಾಹ್ನದ ನಂತರ ಗುಂಪನ್ನು ಸಮುದ್ರದ ಕಡೆಯ ಕೋಟೆ ಗೋಡೆಯ ಮೇಲೆ ಬಿಟ್ಟೆ. ಅಗಲವಾದ ಗೋಡೆ, ಮೇಲೆ ಒಂದು ಗಾಡಿ ಓಡಿಸಬಹುದು. ಎಲ್ಲರೂ ಚದುರಿದರು. ವಿಮಲ ಫಿರಂಗಿಯ ಕಿಂಡಿಯ ಹತ್ತಿರ ನಿಂತಿದ್ದಳು. ಪ್ರವಾಸ ಶುರುವಾದ ಮೇಲೆ ನಾವಿಬ್ಬರೇ ನಿಂತದ್ದು ಅದೇ ಮೊದಲು.

"ಹೇಗಿದೆ ನಮ್ಮೂರು?" ಎಂದೆ ತಮಾಷೆಗೆ.

"ಚೆನ್ನಾಗಿದೆ. ಬಹಳ ಚೆನ್ನಾಗಿದೆ" ಎಂದಳು. ಸಮುದ್ರದ ಕಡೆ ತಿರುಗಿದಳು. "ನಾನು ಜೂನ್‌ಗೆ ಹೊರಡ್ತೀನಿ ರೀ."

ನನಗೆ ಅರ್ಥವೇ ಆಗಲಿಲ್ಲ. "ಅಲ್ಲ, ಮೂರು ದಿನದಿಂದ ನೀನು ಇಷ್ಟು ಖುಷಿಯಾಗಿದ್ದೆಯಲ್ಲ?"

"ಅದಕ್ಕೇ. ಹ್ಯೂಸ್ಟನ್‌ನಲ್ಲಿ ನನ್ನಲ್ಲೇ ಏನೋ ಕೆಟ್ಟಿದೆ ಅಂದ್ಕೊಂಡಿದ್ದೆ. ವಯಸ್ಸಾಯ್ತು, ಹೊಂದ್ಕೊಳ್ಳೋಕೆ ಬರಲ್ಲ, ಜಂಬ ಅಂತೆಲ್ಲ ನನ್ನನ್ನೇ ಬೈಕೊಳ್ತಿದ್ದೆ. ಇಲ್ಲಿ ಒಂದು ಅಕ್ಷರ ಮಾತು ಬರಲ್ಲ ನಂಗೆ. ಆದ್ರೂ ಆ ಅಜ್ಜಿ ಕೂತ್ಕೋ ಅಂದ್ಳು, ಕೂತೆ. ನನ್ನಲ್ಲೇನೂ ಕೆಟ್ಟಿಲ್ಲ."

"ವರ್ಷಕ್ಕೆರಡು ಸಲ ಇಲ್ಲಿಗೆ ಬರೋಣ" ಎಂದೆ. ನನ್ನ ಲೆಕ್ಕಾಚಾರವನ್ನೆಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ದನಿಯೇ ನನಗೆ ಏಜೆನ್ಸಿಯ ಕರಪತ್ರ ಓದಿದ ಹಾಗೆ ಕೇಳಿಸಿತು.

ಅವಳು ನಕ್ಕಳು. ಸಿಟ್ಟಿರಲಿಲ್ಲ ಆ ನಗುವಿನಲ್ಲಿ. "ನಮ್ಮೂರಿನ ಥರ ಇರೋ ಊರು ನೋಡೋಕೆ ವರ್ಷಕ್ಕೆರಡು ಸಲ ವಿಮಾನ ಹತ್ತೋದು ಯಾಕ್ರೀ? ನಮ್ಮೂರೇ ಇದೆಯಲ್ಲ." ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು. "ನೀವೂ ಬಂದ್ಬಿಡಿ."

ಅಷ್ಟು ಹೊತ್ತಿಗೆ ಹಿಂದಿನಿಂದ ಯಾರೋ ನನ್ನನ್ನು ಕರೆದರು. ಆಸ್ಟಿನ್‌ನ ವಯಸ್ಸಾದ ಗಂಡ ಹೆಂಡತಿ, ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದವರು. ಇಬ್ಬರನ್ನೂ ಸೇರಿಸಿ ಒಂದು ಫೋಟೋ ತೆಗೆಯಬೇಕಂತೆ. ನಾನು ವಿಮಲಳಿಗೆ "ಒಂದ್ನಿಮಿಷ, ಬಂದೆ" ಎಂದು ಅವರ ಕಡೆ ನಡೆದೆ. ಹೆಂಗಸಿಗೆ ತಲೆಯ ಸ್ಕಾರ್ಫ್ ಸರಿ ಮಾಡಿಕೊಳ್ಳಬೇಕಿತ್ತು. ಗಂಡಸಿಗೆ ಹಿಂದುಗಡೆ ಚರ್ಚಿನ ಗೋಪುರವೂ ಬರಬೇಕಿತ್ತು. ಸ್ವಲ್ಪ ಎಡಕ್ಕೆ ಎಂದೆ, ಇನ್ನೂ ಸ್ವಲ್ಪ ಹತ್ತಿರ ಎಂದೆ, ನಗಿ ಎಂದೆ. ಎರಡು ಫೋಟೋ ತೆಗೆದೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ತಿರುಗಿ ನೋಡಿದಾಗ ಕಿಂಡಿಯ ಹತ್ತಿರ ವಿಮಲ ಇರಲಿಲ್ಲ. ಕೆಳಗೆ ಇಳಿದು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು.

"ಆಗ್ಲೇ ಏನೋ ಹೇಳ್ತಿದ್ದೆ" ಎಂದೆ ಬಾಗಿಲಲ್ಲಿ ನಿಂತು.

"ಏನಿಲ್ಲ ಬಿಡಿ, ನಿಮ್ಮ ಜನ ಬರ್ತಿದಾರೆ ನೋಡಿ" ಎಂದಳು.

ಗುಂಪು ಬಂತು. ಎಸ್ಕಾರ್ಟ್‌ನ ಸೀಟು ಡ್ರೈವರ್ ಪಕ್ಕದ್ದು. ಮೈಕ್ ಹಿಡಿದು ಎಲ್ಲರಿಗೂ ಬೆನ್ನು ಹಾಕಿ ಕೂತು, ವಿಮಾನ ನಿಲ್ದಾಣ ತಲುಪುವ ತನಕ ಮಂತ್ರ ಹೇಳುವ ಪುರೋಹಿತನ ಹಾಗೆ ಒಂದೇ ಸಮನೆ ಊರಿನ ಚರಿತ್ರೆ ಹೇಳಿದೆ. ಯಾವ ರಾಜ, ಯಾವ ಕಡಲುಗಳ್ಳ, ಏನು ಹೇಳಿದೆನೋ ಒಂದೂ ನೆನಪಿಲ್ಲ.

ಜೂನ್‌ನಲ್ಲಿ ವಿಮಲ ಮೈಸೂರಿನ ತನ್ನ ತರಗತಿಗೆ ವಾಪಸಾದಳು. ನಾನು ಟೆಕ್ಸಸ್‌ನಲ್ಲಿ ಉಳಿದೆ. ನಮ್ಮ ನಡುವೆ ಜಗಳ ಆಗಲಿಲ್ಲ, ವಿಚ್ಛೇದನದ ಮಾತೂ ಬರಲಿಲ್ಲ. ಕೇಳಿದವರಿಗೆ ಇಬ್ಬರೂ "ಕೆಲಸದ ಮೇಲೆ ಬೇರೆ ಬೇರೆ ಇದ್ದೀವಿ" ಎಂದೇ ಹೇಳುತ್ತಿದ್ದೆವು. ಯಾಕೆ ನೀನು ಎಲ್ಲ ಬಿಟ್ಟು ಹೋಗಲಿಲ್ಲ ಎಂದು ಡಾಲಸ್‌ನ ಡಾಕ್ಟರು ಒಮ್ಮೆ ಕೇಳಿದರು. ಭೂಗೋಳ ಓದಿದವನಿಗೆ ಮೈಸೂರಿನಲ್ಲಿ ಏನು ಕೆಲಸ ಎಂದು ಏನೋ ಹೇಳಿ ತಪ್ಪಿಸಿಕೊಂಡೆ.

ಪ್ರತಿ ವರ್ಷ ಮೂರು ವಾರ ರಜೆ ಹಾಕಿ ಮೈಸೂರಿಗೆ ಹೋಗುತ್ತಿದ್ದೆ. ವಿಮಲ ನನ್ನನ್ನು ಕರೆದುಕೊಂಡು ಸುತ್ತಿಸುತ್ತಿದ್ದಳು. ಇಲ್ಲಿ ಹೊಸ ಬಡಾವಣೆ ಆಯ್ತು, ಆ ಹೋಟೆಲು ಮುಚ್ಚಿದ್ರು, ಈ ಮರ ಕಡಿದ್ರು ಎಂದು ತೋರಿಸುತ್ತಿದ್ದಳು. ನಾನು ಪ್ರವಾಸಿಯ ಹಾಗೆ ಹಿಂದೆ ಹಿಂದೆ ನಡೆಯುತ್ತಿದ್ದೆ. ಬೆಳಿಗ್ಗೆ ಅವಳು "ತಿಂಡಿ ಆಯ್ತಾ?" ಎಂದು ಕೇಳಿದರೆ ನಿಂತು ಪೂರ್ತಿ ಉತ್ತರ ಹೇಳುತ್ತಿದ್ದೆ. ರಜೆ ಮುಗಿದ ದಿನ ರೈಲ್ವೆ ಸ್ಟೇಷನ್ನಿಗೆ ಬಂದು, ಕಿಟಕಿಯ ಹೊರಗೆ ನಿಂತು, ನೀರಿನ ಬಾಟಲಿ ಇಟ್ಟುಕೊಂಡಿರಾ, ಪಾಸ್‌ಪೋರ್ಟ್ ಇಟ್ಟುಕೊಂಡಿರಾ ಎಂದು ಕೇಳುತ್ತಿದ್ದಳು. ಹೋಗಿ ಬನ್ನಿ ಎನ್ನುತ್ತಿದ್ದಳು. ಅವಳು ಬದುಕಿದ್ದ ತನಕ ಹಾಗೇ ನಡೆಯಿತು. ನೀವೂ ಬಂದ್ಬಿಡಿ ಎಂದು ಮತ್ತೆ ಒಮ್ಮೆಯೂ ಹೇಳಲಿಲ್ಲ. ಹೇಳುತ್ತಾಳೇನೋ ಎಂದು ರೈಲು ಹೊರಡುವ ತನಕ ನಾನು ಪ್ರತಿ ವರ್ಷವೂ ಕಿಟಕಿಯ ಸರಳು ಹಿಡಿದು ಕಾಯುತ್ತಿದ್ದೆ.